ಗುಂಡು ನಿಧಾನ ಆಯ್ತಾ? ಮದ್ದಿಗೆ ಕೈ ಹಾಕೋ ಮೊದಲು ಇದನ್ನ ಕೇಳ್ರಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಫೋನ್‌ನಾಗ ರೀಲ್ಸ್ ಸರಿಸ್ಕೋತ ಹೋಗುವಾಗ ನಿಮಗೂ ಇಂಥದ್ದೊಂದು ವಿಡಿಯೊ ಸಿಕ್ಕಿರಬಹುದು. ಅಮೆರಿಕದ ಯಾರೋ ಒಬ್ಬ ಗ್ಯಾರೇಜಿನಲ್ಲಿ ಕೂತು ಖಾಲಿ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ ಕೂಡಿಸ್ತಾನೆ, ಮದ್ದಿನ ಪುಡಿ ತೂಗಿ ಹಾಕ್ತಾನೆ, ಮೇಲೆ ಗುಂಡು ಒತ್ತಿ ಕಾಡತೂಸು ತಯಾರು ಮಾಡ್ತಾನೆ. ಇದಕ್ಕೆ ಹ್ಯಾಂಡ್‌ಲೋಡಿಂಗ್ ಅಂತಾರೆ. ಆಮೇಲೆ ರೈಫಲ್‌ನಿಂದ ಹೊಡೆದು ವೇಗ ಅಳೀತಾನೆ. ಪುಸ್ತಕದಲ್ಲಿ ಸೆಕೆಂಡಿಗೆ 860 ಮೀಟರ್ ಅಂತ ಇದೆ, ಯಂತ್ರ ತೋರಿಸೋದು 800. ಯಾಕೆ ಹಿಂಗಾತು?

ನೋಡಿದವರ ತಲೆಗೆ ಮೊದಲು ಬರೋ ಉತ್ತರ ಒಂದೇ: ಪುಡಿ ಕಡಿಮೆ ಆಗಿರಬೇಕು, ಇನ್ನೊಂಚೂರು ಹಾಕಿದ್ರ ಆತು. ಕೈ, ಕಣ್ಣು ಕಳಕೊಳ್ಳೋ ದಾರಿ ಶುರುವಾಗೋದು ಇಲ್ಲಿಂದಲೇ. ಗುಂಡು ನಿಧಾನ ಆಯಿತು ಅಂದ್ರೆ ಮದ್ದು ಕಮ್ಮಿ ಆಗೈತಿ ಅಂತಲೇ ಅರ್ಥ ಅಲ್ಲ. ಇವತ್ತು ಅದನ್ನೇ ಮಾತಾಡೋಣ. ಕೊನೆಗೆ, ನಮ್ಮ ಕಲಘಟಗಿ, ಕುಂದಗೋಳ ಕಡೆ ಇದಕ್ಕೂ ಹೊಲದ ಬಂದೂಕಿಗೂ ಏನು ಸಂಬಂಧ ಅನ್ನೋದನ್ನೂ ನೋಡೋಣ.

ವೇಗ ಯಾಕೆ ಅಷ್ಟು ಮುಖ್ಯ?

ಗುಂಡಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಇಳಿಯುತ್ತೆ. 9.7 ಗ್ರಾಂ ತೂಕದ ಗುಂಡು 860 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 3,590 ಜೂಲ್ ಶಕ್ತಿ. 800ಕ್ಕೆ ಇಳಿದರೆ ಸುಮಾರು 3,100. ವೇಗ ಇಳಿದದ್ದು ನೂರಕ್ಕೆ 7, ಶಕ್ತಿ ಇಳಿದದ್ದು ನೂರಕ್ಕೆ 13ಕ್ಕಿಂತ ಹೆಚ್ಚು. ದೂರದ ಗುರಿಗೆ ಹೊಡೆಯುವಾಗ ಗುಂಡು ಕೆಳಗೂ ಬೀಳುತ್ತೆ. ಹಂಗಾಗಿ ಶೂಟರ್‌ಗಳು ಚಿಂತೆ ಮಾಡೋದು ಸಹಜ.

ಮೊದಲ ಅನುಮಾನ ಯಂತ್ರದ ಮೇಲೆ

ಗುಂಡಿನ ವೇಗ ಅಳೆಯೋ ವಿದ್ಯೆ ಹಳೇದು. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತನ್ನ ಪುಸ್ತಕದಲ್ಲಿ ಒಂದು ಉಪಾಯ ವಿವರಿಸಿದ. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆಯೋದು, ದಿಮ್ಮಿ ಎಷ್ಟು ತೂಗಿತು ಅನ್ನೋದರಿಂದ ವೇಗ ಲೆಕ್ಕ ಹಾಕೋದು. ಈಗ ಆ ಕೆಲಸಕ್ಕೆ ಕ್ರೋನೋಗ್ರಾಫ್ ಅನ್ನೋ ಯಂತ್ರ ಇದೆ.

ಸಾಮಾನ್ಯ ಕ್ರೋನೋಗ್ರಾಫಿನಲ್ಲಿ ಎರಡು ಬೆಳಕಿನ ಸೆನ್ಸರ್ ಇರ್ತಾವೆ. ಗುಂಡಿನ ನೆರಳು ಮೊದಲನೇದನ್ನ ದಾಟಿ ಎರಡನೇದನ್ನ ದಾಟೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಯಂತ್ರ ಅಳೆಯುತ್ತೆ. ಎರಡರ ನಡುವೆ 60 ಸೆಂ.ಮೀ. ಇದ್ದರೆ, 860 ಮೀಟರ್ ವೇಗದ ಗುಂಡಿಗೆ ಬೇಕಾದದ್ದು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲೂ ಇಲ್ಲ, ಅದರ 0.7ರಷ್ಟು ಮಾತ್ರ. ಇಷ್ಟು ಸಣ್ಣ ಅಳತೆಯಲ್ಲಿ ಸೆನ್ಸರ್ ಒಂದೇ ಒಂದು ಸೆಂ.ಮೀ. ದೂರ ಸರಿದಿದ್ದರೂ ಸಾಕು, ವೇಗ ಸುಮಾರು 14 ಮೀಟರ್ ಕಡಿಮೆ ಕಾಣುತ್ತೆ. ಯಂತ್ರ ವಾರೆಯಾಗಿ ನಿಂತಿದ್ದರೆ ಗುಂಡಿನ ದಾರಿ ಉದ್ದ ಆಗಿ, ಆಗಲೂ ಕಡಿಮೆಯೇ ತೋರಿಸುತ್ತೆ. ಬ್ಯಾಟರಿ ಇಳಿದಿರೋದು, ಬಿಸಿಲು–ಮೋಡ ಬದಲಾಗೋದು, ಬಂದೂಕಿನ ಬಾಯಿಗೆ ತೀರಾ ಹತ್ತಿರ ಇಟ್ಟಾಗ ಹೊಗೆ, ಗಾಳಿ ಬಡಿಯೋದು, ಇವೆಲ್ಲ ಲೆಕ್ಕ ಕೆಡಿಸ್ತಾವೆ.

ಪರೀಕ್ಷೆ ಸರಳ. ವೇಗ ಮೊದಲೇ ಗೊತ್ತಿರೋ ಕಾರ್ಖಾನೆಯ ಕಾಡತೂಸು ಅದೇ ದಿನ, ಅದೇ ಯಂತ್ರದ ಮೇಲೆ ಹೊಡೆದು ನೋಡೋದು. ಅದೂ ಕಡಿಮೆ ತೋರಿಸಿದರೆ ತಪ್ಪು ಕಾಡತೂಸಿನದಲ್ಲ.

ಎರಡನೇದು ನಳಿಕೆ

ಪುಸ್ತಕದ ಅಂಕಿ ಬಂದದ್ದು ಯಾವ ಬಂದೂಕಿನಿಂದ? ಬಹಳ ಸಲ 24 ಇಂಚಿನ ಪರೀಕ್ಷಾ ನಳಿಕೆಯಿಂದ. ನಿಮ್ಮ ಕೈಯಲ್ಲಿರೋದು 20 ಇಂಚಿನದಾದರೆ, ಮದ್ದಿನ ಅನಿಲ ಗುಂಡನ್ನ ತಳ್ಳೋಕೆ ಸಿಗೋ ದಾರಿಯೇ ಕಡಿಮೆ. ಸಾಮಾನ್ಯ ರೈಫಲ್‌ನಲ್ಲಿ ಒಂದು ಇಂಚಿಗೆ 6ರಿಂದ 9 ಮೀಟರ್ ವೇಗ ಹೋಗಬಹುದು. ನಾಕು ಇಂಚಿಗೆ ಲೆಕ್ಕ ಹಾಕ್ರಿ, 30 ಮೀಟರ್ ಅಲ್ಲೇ ಹೋಯಿತು. ಸಾವಿರಾರು ಸಲ ಹೊಡೆದು ಸವೆದ ನಳಿಕೆಯಲ್ಲೂ ವೇಗ ಇಳಿಯುತ್ತೆ. ಇದು ದೋಷ ಅಲ್ಲ, ಆ ಬಂದೂಕಿನ ಗುಣ. ಮದ್ದು ಹಾಕಿ ಸರಿಮಾಡೋ ವಿಷಯವೇ ಅಲ್ಲ.

ಮೂರನೇದು ಹವಾಮಾನ

ಇದನ್ನ ನಮ್ಮ ಕಡೆಯವರು ಗಮನ ಇಟ್ಟು ಕೇಳಬೇಕು. ತಂಪಿನಲ್ಲಿ ಮದ್ದು ನಿಧಾನ ಉರಿಯುತ್ತೆ, ಬಿಸಿಯಲ್ಲಿ ಜೋರು. ಕೆಲವು ಪುಡಿಗಳಲ್ಲಿ ಒಂದು ಡಿಗ್ರಿಗೆ ಸುಮಾರು ಅರ್ಧ ಮೀಟರ್ ವೇಗ ಬದಲಾಗುತ್ತೆ.

ನವಲಗುಂದದ ಎರೆ ಹೊಲದಲ್ಲಿ ಡಿಸೆಂಬರ್ ಬೆಳಗಿನ ಜಾವ 15 ಡಿಗ್ರಿ ಅನ್ಕೋರಿ, ಏಪ್ರಿಲ್ ಮಧ್ಯಾಹ್ನ 38. ವ್ಯತ್ಯಾಸ 23 ಡಿಗ್ರಿ, ಅಂದರೆ ಸುಮಾರು 12 ಮೀಟರ್ ವೇಗ. ಚಳಿಯಲ್ಲಿ ವೇಗ ಕಡಿಮೆ ಬಂತು ಅಂತ ಒಬ್ಬ ಪುಡಿ ಏರಿಸಿದ. ಅದೇ ಕಾಡತೂಸು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಕಾದು, ಏಪ್ರಿಲ್‌ನಲ್ಲಿ ಬಂದೂಕಿಗೆ ಹೋಯಿತು. ಡಿಸೆಂಬರ್‌ನಾಗ ಸರಿ ಅನಿಸಿದ್ದ ಒತ್ತಡ ಈಗ ಮಿತಿ ದಾಟಿರಬಹುದು. ಬಂದೂಕು ಮೊದಲೇ ಹೇಳಿ ಒಡೆಯಲ್ಲ.

ಕೊನೆಗೆ ಕಾಡತೂಸು

ಇಷ್ಟೆಲ್ಲ ಆದ ಮೇಲೂ ವೇಗ ಕಡಿಮೆಯೇ ಇದ್ದರೆ ಆಗ ಕಾಡತೂಸಿನ ಒಳಗೆ ನೋಡೋದು. ಪುಡಿಗೆ ತೇವ ಹತ್ತಿರಬಹುದು. ಒಂದೇ ಹೆಸರಿನ ಪುಡಿ ಆದರೂ ಲಾಟ್ ಬದಲಾದರೆ ಉರಿಯೋ ರೀತಿ ಸ್ವಲ್ಪ ಬೇರೆ ಇರುತ್ತೆ. ಪ್ರೈಮರ್‌ಗೆ ಎಣ್ಣೆ ತಾಗಿರಬಹುದು. ಕೇಸು ಬೇರೆ ಕಂಪನಿಯದಾದರೆ ಒಳಗಿನ ಜಾಗ ಹೆಚ್ಚು–ಕಡಿಮೆ ಇರುತ್ತೆ. ಕೇಸಿನ ಕುತ್ತಿಗೆ ಗುಂಡನ್ನ ಸಡಿಲ ಹಿಡಿದಿದ್ದರೆ ಮದ್ದು ಪೂರ್ತಿ ಹೊತ್ತಿಕೊಳ್ಳೋ ಮೊದಲೇ ಗುಂಡು ಸರಿಯುತ್ತೆ. ತಕ್ಕಡಿಯೇ ತಪ್ಪು ತೋರಿಸ್ತಿರಬಹುದು.

ಹತ್ತು ಗುಂಡಿನಲ್ಲಿ ಹತ್ತೂ ಒಂದೇ ಸಮ ನಿಧಾನ ಇದ್ದರೆ ಕಾರಣ ನಳಿಕೆ, ಹವಾಮಾನ ಇಲ್ಲವೇ ಪುಡಿಯ ಲಾಟ್ ಇರಬಹುದು. ಒಂದು ಜೋರು, ಒಂದು ನಿಧಾನ ಅಂತ ಏರುಪೇರು ಇದ್ದರೆ ತುಂಬೋ ಕೆಲಸದಲ್ಲೇ ಗಡಬಡಿ ಆಗಿದೆ ಅನ್ನೋ ಅನುಮಾನ ಬಲವಾಗುತ್ತೆ. ಅಳತೆ ಪುಸ್ತಕದಲ್ಲಿ ಗರಿಷ್ಠ ಅಂತ ಬರೆದಿದ್ದರೆ ಅದೇ ಕೊನೆ. ವೇಗ ಬರಲಿಲ್ಲ ಅಂತ ಅನುಭವಸ್ಥರೂ ಆ ಗೆರೆ ದಾಟಲ್ಲ.

‘ಠುಸ್’ ಅಂದ್ರೆ ನಿಲ್ಲಸ್ರಿ

ಎಲ್ಲಕ್ಕಿಂತ ಅಪಾಯದ ನಿಧಾನದ ಗುಂಡು ಅಂದ್ರೆ ನಳಿಕೆಯಿಂದ ಹೊರಗೆ ಬರದೇ ಇರೋದು. ಢಂ ಅನ್ನೋ ಬದಲು ಠುಸ್ ಅಂತ ಸಣ್ಣ ಸದ್ದು, ಭುಜಕ್ಕೆ ಒದೆತ ಕಡಿಮೆ. ಗುಂಡು ನಳಿಕೆಯೊಳಗೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಸೀಳಿ ಹೋಗಬಹುದು, ಹೊಡೆದವನ ಮುಖದ ಹತ್ತಿರವೇ. ಇಂಥ ಹೊತ್ತಿನಲ್ಲಿ ಬಂದೂಕಿನ ಬಾಯಿ ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಮದ್ದು ತಡವಾಗಿ ಹೊತ್ತಿಕೊಳ್ಳೋದೂ ಉಂಟು. ಆಮೇಲೆ ಖಾಲಿ ಮಾಡಿ, ಲೈಸೆನ್ಸ್ ಇರೋ ರಿಪೇರಿಯವರಿಗೆ ತೋರಿಸಬೇಕು. ಬಾಯಿಯ ಕಡೆಯಿಂದ ಇಣುಕಿ ನೋಡೋದು ಬೇಡವೇ ಬೇಡ.

ನಮ್ಮ ಹೊಲದ ಬಂದೂಕು

ಈಗ ಊರಿಗೆ ಬರೋಣ. ಕಲಘಟಗಿ ಅಂದ್ರೆ ಮಲೆನಾಡಿನ ಸೆರಗು. ಗೋವಿನಜೋಳ ತೆನೆಗಟ್ಟಿದಾಗ ಕಾಡುಹಂದಿ ಕಾಟ. ಬೆಳೆ ಕಾಯೋಕೆ ಬಾಯಿಯಿಂದ ಮದ್ದು ತುಂಬೋ ಬಂದೂಕಿಗೆ ಲೈಸೆನ್ಸ್ ಕೊಡೋ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಆ ಬಂದೂಕು ಕೆಲಸ ಮಾಡೋದು ಕರಿಮದ್ದಿನ ಮೇಲೆ. ನಾಕು ಸಲ ಹೊಡೆದರೆ ಒಳಗೆ ಮಸಿ ಕಟ್ಟುತ್ತೆ. ಮಳೆಗಾಲದಲ್ಲಿ ಆ ಮಸಿ ತೇವ ಎಳೆದು ಜಂಗು ಹಿಡಿಸುತ್ತೆ, ಮದ್ದೂ ತಣ್ಣಗಾಗುತ್ತೆ. ಸದ್ದು ಬರ್ತದ, ಜೋರು ಇರಲ್ಲ. ಇದಕ್ಕೆ ಮದ್ದು: ತೊಳೆಯೋದು, ಒಣಗಿಸೋದು, ಎಣ್ಣೆ ಹಚ್ಚೋದು, ಮದ್ದನ್ನ ಒಣ ಜಾಗದಲ್ಲಿ ಇಡೋದು.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಜೋರು ಬರಲಿ ಅಂತ ರೈಫಲ್ ಕಾಡತೂಸಿನ ಹೊಗೆರಹಿತ ಪುಡಿಯನ್ನ ಇಂಥ ಬಂದೂಕಿಗೆ ಹಾಕೋದು ಸಾವನ್ನ ಕರೆದಂಗ. ಆ ಒತ್ತಡ ತಡಕೊಳ್ಳೋಕೆ ಈ ನಳಿಕೆ ಮಾಡಿದ್ದೇ ಅಲ್ಲ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೀಬಹುದು ಅಂತಲೂ ಅಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ, ಅನುಮತಿ ಇಲ್ಲದೆ ಕೊಲ್ಲೋ ಹಂಗಿಲ್ಲ. ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ. ಬೆಳೆ ಹಾನಿಯಾದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕೋ ದಾರಿ ಇದೆ.

ಮನೆಯಲ್ಲಿ ಕಾಡತೂಸು? ಜೈಲು

ಅಮೆರಿಕದಲ್ಲಿ ಹವ್ಯಾಸ ಆಗಿರೋದು ಇಲ್ಲಿ ಅಪರಾಧ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದನ್ನ ಕಾಯ್ದೆಯ 5ನೇ ಕಲಂ ತಡೆಯುತ್ತೆ. 2019ರ ತಿದ್ದುಪಡಿ ಬಂದ ಮೇಲೆ ಅದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್ ಬೇರೆ, ತಯಾರಿಸೋ ಲೈಸೆನ್ಸ್ ಬೇರೆ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿ ಕೂಡ ಕೋವಿ ಇಟ್ಟುಕೊಳ್ಳೋಕೆ, ಒಯ್ಯೋಕೆ ಮಾತ್ರ.

ವೇಗದ ಲೆಕ್ಕ ನಿಜವಾಗಿ ಇಷ್ಟ ಆಗಿದ್ದರೆ ಕಾನೂನಿನ ದಾರಿಯೂ ಇದೆ: 10 ಮೀಟರ್ ಏರ್ ರೈಫಲ್. ಸ್ಪರ್ಧೆಯ 4.5 ಮಿ.ಮೀ. ಪೆಲೆಟ್ ಹೋಗೋದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. ಒಲಿಂಪಿಕ್ಸ್ ಪದಕ ಬರೋದು ಅಷ್ಟರಲ್ಲೇ. ಅಲ್ಲಿ ಗೆಲ್ಲೋದು ಹೆಚ್ಚು ವೇಗ ಅಲ್ಲ, ಪ್ರತಿ ಸಲವೂ ಒಂದೇ ವೇಗ.

ಸಂಚಿಕೆ ಮುಗಿಸೋ ಮುಂಚೆ ಸರದಿ ಇನ್ನೊಮ್ಮೆ ಹೇಳಿಬಿಡ್ತೀನಿ: ಮೊದಲು ಯಂತ್ರ, ಆಮೇಲೆ ನಳಿಕೆ, ಆಮೇಲೆ ಹವಾಮಾನ, ಕೊನೆಗೆ ಕಾಡತೂಸು. ಊರಲ್ಲಿ ಯಾರಾದರೂ ಹಳೇ ಬಂದೂಕಿಗೆ ‘ಸ್ವಲ್ಪ ಜಾಸ್ತಿ ಹಾಕೋಣ’ ಅಂದಾಗ ಈ ಆಡಿಯೊ ಅವರ ವಾಟ್ಸ್ಆ್ಯಪ್‌ಗೆ ಕಳಿಸ್ರಿ. ಮುಂದಿನ ವಾರ ಸಿಗೋಣ್ರಿ.