ಹಳೆಯ ಡೆಸ್ಕ್‌ಟಾಪಿಗೆ ಹೊಂದುವ ಗ್ರಾಫಿಕ್ಸ್ ಕಾರ್ಡ್

ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1920, ಲಂಬಕ್ಕೆ 1080 ಚುಕ್ಕಿಗಳಿದ್ದರೆ ಅವುಗಳ ಒಟ್ಟು ಸಂಖ್ಯೆ 20,73,600 ಆಗುತ್ತದೆ. ಆಟವೊಂದರ ದೃಶ್ಯ ತಡವರಿಸದೆ ಚಲಿಸಬೇಕಾದರೆ ಈ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಚುಕ್ಕಿಗಳ ಬಣ್ಣವನ್ನು ಸೆಕೆಂಡಿಗೆ 60 ಸಲ, ಅಂದರೆ ಪ್ರತಿ ಸಲವೂ 17 ಮಿಲಿಸೆಕೆಂಡಿನೊಳಗೆ, ಹೊಸದಾಗಿ ಲೆಕ್ಕ ಹಾಕಿ ಮುಗಿಸಬೇಕಾಗುತ್ತದೆ. ಒಂದು ಚುಕ್ಕಿಯ ಲೆಕ್ಕ ಬಹುಮಟ್ಟಿಗೆ ಇನ್ನೊಂದರ ಉತ್ತರಕ್ಕಾಗಿ ಕಾಯಬೇಕಿಲ್ಲವಾದ್ದರಿಂದ, ನೂರಾರು, ಸಾವಿರಾರು ಚಿಕ್ಕ ಗಣನ ಘಟಕಗಳನ್ನು ಒಂದೇ ಚಿಪ್ಪಿನಲ್ಲಿ ಕೂರಿಸಿ ಎಲ್ಲಕ್ಕೂ ಏಕಕಾಲದಲ್ಲಿ ಕೆಲಸ ಹಂಚುವುದು ಇಲ್ಲಿ ಫಲಕಾರಿ. ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯು, ಇಂಥ ಚಿಪ್. 1999ರಲ್ಲಿ ಎನ್ವಿಡಿಯಾ ಕಂಪನಿ ಜೀಫೋರ್ಸ್ 256 ಎಂಬ ಕಾರ್ಡನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹೆಸರು ಎಲ್ಲೆಡೆ ರೂಢಿಗೆ ಬಂತು. ಆ ಚಿಪ್, ಅದರದೇ ಆದ ಮೆಮೊರಿ, ವಿದ್ಯುತ್ತನ್ನು ಹದಗೊಳಿಸುವ ಬಿಡಿಭಾಗಗಳು ಮತ್ತು ತಂಪುಗೊಳಿಸುವ ಫ್ಯಾನು ಒಂದೇ ಹಲಗೆಯ ಮೇಲೆ ಸೇರಿದರೆ ಅದು ಗ್ರಾಫಿಕ್ಸ್ ಕಾರ್ಡ್.

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪಿಗೆ ಇಂಥ ಕಾರ್ಡೊಂದನ್ನು ಸೇರಿಸಿ ಅದರ ಆಯುಷ್ಯವನ್ನು ಇನ್ನಷ್ಟು ಕಾಲ ಎಳೆಯುವ ಯೋಚನೆ ಸಹಜವಾದದ್ದೇ. ಉದಾಹರಣೆಗೆ 2012ರಲ್ಲಿ ಬಂದ ಡೆಲ್ ಆಪ್ಟಿಪ್ಲೆಕ್ಸ್ 7010 ಎಂಬ ಯಂತ್ರವನ್ನು ತೆಗೆದುಕೊಳ್ಳಬಹುದು. ಕಚೇರಿಗಳಿಂದ ಒಟ್ಟೊಟ್ಟಾಗಿ ವಿಲೇವಾರಿಯಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರಿಫರ್ಬಿಶ್ಡ್ ಮಾಲಾಗಿ ಮಾರಾಟವಾಗುವ ವರ್ಗಕ್ಕೆ ಅದು ಸೇರಿದೆ. (ಇದೇ ಹೆಸರನ್ನು ಡೆಲ್ 2023ರಲ್ಲಿ ಬೇರೆಯದೇ ಆದ ಹೊಸ ಯಂತ್ರಕ್ಕೂ ಇಟ್ಟಿರುವುದು ಕೊಳ್ಳುವವರಿಗೆ ಒಂದು ಅನಗತ್ಯ ತಲೆನೋವು.) ಹಳೆಯ 7010ರಲ್ಲಿ ಹೆಚ್ಚಾಗಿ ಸಿಗುವ ಇಂಟೆಲ್ ಕೋರ್ ಐ5-3470 ಪ್ರೊಸೆಸರಿನೊಳಗೇ ಎಚ್‌ಡಿ 2500 ಎಂಬ ಚಿಕ್ಕ ಗ್ರಾಫಿಕ್ಸ್ ಭಾಗವಿದ್ದು, ಪತ್ರ ಟೈಪಿಸುವುದಕ್ಕೂ ಲೆಕ್ಕಪತ್ರ ನೋಡುವುದಕ್ಕೂ ಅದು ಧಾರಾಳವಾಗಿ ಸಾಕಾಗುತ್ತದೆ, ಇಂದಿನ ಆಟ ಅಥವಾ ವಿಡಿಯೊ ಸಂಕಲನಕ್ಕೆ ಸಾಲದು. ಹೊಸ ಕಾರ್ಡು ಬೇಕೆನಿಸುವುದು ಇಲ್ಲಿಯೇ. ಆದರೆ ಕಾರ್ಡು ಎಷ್ಟು ಬಲಶಾಲಿ ಎಂಬುದಕ್ಕಿಂತ ಯಂತ್ರ ಎಷ್ಟನ್ನು ತಾಳಿಕೊಂಡೀತು ಎಂಬುದು ಮೊದಲ ಪ್ರಶ್ನೆಯಾಗಿರುವುದರಿಂದ, ಆಯ್ಕೆ ಅಂಗಡಿಯ ದರಪಟ್ಟಿಯಿಂದಲ್ಲ, ಕ್ಯಾಬಿನೆಟ್ಟಿನ ಬದಿ ತೆಗೆದಾಗ ಎಸ್‌ಎಂಪಿಎಸ್ ಮೇಲೆ ಕಾಣುವ ಚೀಟಿಯಿಂದ ಆರಂಭವಾಗಬೇಕು.

ಕಾರ್ಡು ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆಯೇ ಎಂಬ ಆತಂಕ ಎಲ್ಲರಿಗೂ ಮೊದಲು ಬರುವುದಾದರೂ, ನಿಜಕ್ಕೂ ಅದು ಕೊನೆಯ ಚಿಂತೆ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಸಂಪರ್ಕ ವ್ಯವಸ್ಥೆಯ ಮೊದಲ ಆವೃತ್ತಿ 2003ರಲ್ಲಿ ಪ್ರಕಟವಾದಂದಿನಿಂದ ಪ್ರತಿ ಹೊಸ ಆವೃತ್ತಿಯೂ ಹಳೆಯದರೊಡನೆ ಹೊಂದಿಕೊಂಡು ಹೋಗುವಂತೆ ರೂಪಿತವಾಗಿದೆ. ನಾಲ್ಕನೇ ಆವೃತ್ತಿಯ ಕಾರ್ಡನ್ನು ಎರಡನೇ ಆವೃತ್ತಿಯ ಸ್ಲಾಟಿಗೆ ಸಿಕ್ಕಿಸಿದರೆ ಎರಡೂ ತಮ್ಮ ನಡುವೆ ಸಾಧ್ಯವಿರುವ ಅತ್ಯಧಿಕ ವೇಗಕ್ಕೆ ಇಳಿದು ಕೆಲಸ ಮಾಡುತ್ತವೆ. ಅದಕ್ಕಿಂತ ಹಿಂದಿನ ಎಜಿಪಿ ಸ್ಲಾಟಿನ ಯಂತ್ರಗಳಿಗೆ ಮಾತ್ರ ಇಂದಿನ ಯಾವ ಕಾರ್ಡೂ ಹೊಂದುವುದಿಲ್ಲ.

ಇನ್ನು ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಕಡೆಗೆ ನೋಡಿದರೆ, ಗ್ರಾಫಿಕ್ಸ್ ಕಾರ್ಡು ತನ್ನ ಶಕ್ತಿಯ ಬಹುಪಾಲನ್ನು 12 ವೋಲ್ಟಿನ ತಂತಿಯಿಂದಲೇ ಎಳೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಚೀಟಿಯ ಮೇಲೆ ದಪ್ಪಕ್ಷರದಲ್ಲಿರುವ ಒಟ್ಟು ವ್ಯಾಟಿಗಿಂತ, 12 ವೋಲ್ಟಿನ ಎದುರು ಸಣ್ಣಕ್ಷರದಲ್ಲಿರುವ ಆಂಪಿಯರ್ ಸಂಖ್ಯೆ ಮುಖ್ಯವಾಗುವುದು ಆ ಕಾರಣಕ್ಕೆ. ಅಲ್ಲಿ 18 ಆಂಪಿಯರ್ ಎಂದಿದ್ದರೆ 12 ಮತ್ತು 18ರ ಗುಣಲಬ್ಧವಾದ 216 ವ್ಯಾಟ್ ಮಾತ್ರ ಆ ದಾರಿಯಲ್ಲಿ ಸಿಗುತ್ತದೆ. ಸ್ಲಾಟಿನ ಮೂಲಕ ಕಾರ್ಡೊಂದು ಪಡೆಯಬಹುದಾದ ಶಕ್ತಿಗೆ 75 ವ್ಯಾಟಿನ ಮಿತಿಯಿದೆ. ಅದನ್ನು ಮೀರಿದ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಆರು ಪಿನ್ನಿನ ಅಥವಾ ಎಂಟು ಪಿನ್ನಿನ ಪ್ಲಗ್ಗು ಬೇಕು; ಮೊದಲನೆಯದು ಇನ್ನೂ 75, ಎರಡನೆಯದು 150 ವ್ಯಾಟನ್ನು ಒದಗಿಸುವಂತೆ ನಿಗದಿಯಾಗಿದೆ. 7010ರ ಎತ್ತರದ ಕ್ಯಾಬಿನೆಟ್ಟಿನ ಮಾದರಿಯಲ್ಲಿ ಇರುವುದು 275 ವ್ಯಾಟಿನ ಎಸ್‌ಎಂಪಿಎಸ್. ಅದರಲ್ಲಿ ಈ ಎರಡೂ ಬಗೆಯ ಪ್ಲಗ್ಗುಗಳಿಲ್ಲ. ಪ್ರೊಸೆಸರಿಗೆ 77 ವ್ಯಾಟ್, ಮದರ್‌ಬೋರ್ಡು, ರ್‍ಯಾಮ್, ಡಿಸ್ಕು, ಫ್ಯಾನುಗಳಿಗೆ ಅಂದಾಜು 40 ವ್ಯಾಟ್, ಕಾರ್ಡಿಗೆ 75 ವ್ಯಾಟ್ ಎಂದು ಕೂಡಿಸಿದರೆ 192 ಆಗುವುದರಿಂದ ಸ್ಲಾಟಿನ ಶಕ್ತಿಯಲ್ಲೇ ನಡೆಯುವ ಕಾರ್ಡಿಗೆ ಇಲ್ಲಿ ಜಾಗವುಂಟು, ಅದಕ್ಕಿಂತ ಹಸಿದ ಕಾರ್ಡಿಗೆ ಇಲ್ಲ. ಕೆಲವು ತೆಳು ಕಚೇರಿ ಯಂತ್ರಗಳಲ್ಲಿ ತಯಾರಕರು ಸ್ಲಾಟಿನ ಮಿತಿಯನ್ನು 75ಕ್ಕಿಂತಲೂ ಕೆಳಗೆ ಇಟ್ಟಿರುತ್ತಾರಾದ್ದರಿಂದ ಆಯಾ ಮಾದರಿಯ ಕೈಪಿಡಿಯನ್ನು ಒಮ್ಮೆ ತಿರುವಿ ನೋಡುವುದು ಕ್ಷೇಮ.

ಪ್ಲಗ್ಗಿಲ್ಲದ ಕೊರತೆಯನ್ನು ತುಂಬಲು ಅಂಗಡಿಗಳಲ್ಲಿ ಅಗ್ಗದ ಪರಿವರ್ತಕ ಕೇಬಲ್ಲುಗಳು ಸಿಗುತ್ತವೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ವಿದ್ಯುತ್ ತಂತಿಯನ್ನು ಆರು ಪಿನ್ನಿನದಾಗಿ ಬದಲಿಸುವ ಕೇಬಲ್ಲು ಅವುಗಳಲ್ಲೊಂದು. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆಂದು ಇರುವ ಮೂರು ಪಿನ್ನುಗಳು ತಲಾ 1.5 ಆಂಪಿಯರ್, ಒಟ್ಟು 54 ವ್ಯಾಟನ್ನಷ್ಟೇ ಸಾಗಿಸಲು ತಯಾರಾದವು. ಅದರಿಂದ 75 ವ್ಯಾಟ್ ಎಳೆದರೆ ಪಿನ್ನುಗಳು ಕಾದು ಪ್ಲಾಸ್ಟಿಕ್ಕು ಕರಗುವ ಸಾಧ್ಯತೆ ಇರುವುದರಿಂದ, ಈ ಕೇಬಲ್ಲಿನಿಂದ ಉಳಿಯುವ ನಾಲ್ಕು ಕಾಸಿಗೆ ಅರ್ಥವಿಲ್ಲ. ಬಲಶಾಲಿ ಕಾರ್ಡೇ ಬೇಕೆಂದಾದರೆ ಎಸ್‌ಎಂಪಿಎಸ್ಸನ್ನೇ ಬದಲಿಸುವುದು ಸರಿಯಾದ ದಾರಿ. 7010ರ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾದ 24 ಪಿನ್ನಿನ ಪ್ಲಗ್ಗು ಇರುವುದರಿಂದ ಅದು ಸಾಧ್ಯ, ಆದರೆ ಮರುವರ್ಷ ಬಂದ 9020 ಮಾದರಿಯಲ್ಲಿ ಡೆಲ್ ತನ್ನದೇ ಆದ ಎಂಟು ಪಿನ್ನಿನ ಪ್ಲಗ್ಗು ಬಳಸಿರುವುದರಿಂದ ಅಲ್ಲಿ ಬೇರೊಂದು ಪರಿವರ್ತಕ ಬೇಕಾಗುತ್ತದೆ.

ವಿದ್ಯುತ್ತಿನ ಲೆಕ್ಕವೊಂದನ್ನೇ ಹಿಡಿದು ಹೊರಟವರಿಗೆ ಎಎಂಡಿ ಕಂಪನಿಯ 2022ರ ಆರ್‌ಎಕ್ಸ್ 6400 ಕಾರ್ಡು ಹೇಳಿ ಮಾಡಿಸಿದಂತೆ ಕಾಣುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು 53 ವ್ಯಾಟ್ ಮಾತ್ರ. ಅದರ ಕೊರತೆ ಇರುವುದು ಇನ್ನೊಂದು ಕಡೆ. ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕ ಲೇನುಗಳೆಂಬ ಸಮಾನಾಂತರ ಹಾದಿಗಳಿಂದ ಕೂಡಿದ್ದು, ಗ್ರಾಫಿಕ್ಸ್ ಸ್ಲಾಟಿನಲ್ಲಿ ಸಾಮಾನ್ಯವಾಗಿ 16 ಲೇನುಗಳಿರುತ್ತವೆ. ಎರಡನೇ ಆವೃತ್ತಿಯಲ್ಲಿ ಪ್ರತಿ ಲೇನೂ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 500 ಎಂಬಿ ದತ್ತಾಂಶ ಸಾಗಿಸಿದರೆ ಮೂರನೆಯದರಲ್ಲಿ ಸುಮಾರು 985, ನಾಲ್ಕನೆಯದರಲ್ಲಿ ಅದರ ಇಮ್ಮಡಿ ಸಾಗಿಸುತ್ತದೆ. ಆರ್‌ಎಕ್ಸ್ 6400 ನಾಲ್ಕನೇ ಆವೃತ್ತಿಯ ಕಾರ್ಡಾಗಿದ್ದರೂ ಅದು ಬಳಸುವುದು ನಾಲ್ಕೇ ಲೇನುಗಳನ್ನು. ಹೊಸ ಮದರ್‌ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಪಡೆಯುವ ಈ ಕಾರ್ಡು ಮೂರನೇ ಆವೃತ್ತಿಯ ಸ್ಲಾಟಿನಲ್ಲಿ 4 ಜಿಬಿಗೆ, ಎರಡನೆಯದರಲ್ಲಿ 2 ಜಿಬಿಗೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬುವವರೆಗೆ ಇದರ ಪರಿಣಾಮ ಅಷ್ಟಾಗಿ ತಿಳಿಯದಿದ್ದರೂ, ತುಂಬಿದ ಮೇಲೆ ಉಳಿದ ದತ್ತಾಂಶವನ್ನು ಕಂಪ್ಯೂಟರಿನ ರ್‍ಯಾಮಿನಿಂದ ಇದೇ ಹಾದಿಯಲ್ಲಿ ತರಿಸಿಕೊಳ್ಳಬೇಕಾಗುವುದರಿಂದ ಆಟದ ದೃಶ್ಯ ಮುಗ್ಗರಿಸತೊಡಗುತ್ತದೆ. ಅತ್ತ 2019ರಲ್ಲಿ ಬಂದ ಎನ್ವಿಡಿಯಾದ ಜಿಟಿಎಕ್ಸ್ 1650, ಮೂರನೇ ಆವೃತ್ತಿಯದೇ ಆದರೂ 16 ಲೇನುಗಳನ್ನೂ ಬಳಸುವ ಕಾರಣ, ಹಳೆಯ ಸ್ಲಾಟಿನಲ್ಲಿಯೂ ಸೆಕೆಂಡಿಗೆ 8 ಜಿಬಿ ಉಳಿಸಿಕೊಳ್ಳುತ್ತದೆ.

ಸ್ಲಾಟು ಯಾವ ಆವೃತ್ತಿಯದೆಂಬುದನ್ನು ಮದರ್‌ಬೋರ್ಡು ಒಂದೇ ತೀರ್ಮಾನಿಸುವುದಿಲ್ಲ ಎಂಬುದು ಬಹಳ ಮಂದಿಯ ಗಮನಕ್ಕೆ ಬಾರದ ಸಂಗತಿ. ಇಂಟೆಲ್‌ನ 2011ರ ಎರಡನೇ ತಲೆಮಾರಿನ ಪ್ರೊಸೆಸರುಗಳ ಕಾಲದಲ್ಲಿ ಗ್ರಾಫಿಕ್ಸ್ ಲೇನುಗಳು ಪ್ರೊಸೆಸರಿನಿಂದಲೇ ಹೊರಡುತ್ತಿದ್ದು ಅವು ಎರಡನೇ ಆವೃತ್ತಿಯವಾಗಿದ್ದವು. 2012ರ ಮೂರನೇ ತಲೆಮಾರಿನ ಐ5 ಮತ್ತು ಐ7ಗಳಲ್ಲಿ ಮೂರನೇ ಆವೃತ್ತಿ ಬಂತಾದರೂ ಅದೇ ತಲೆಮಾರಿನ ಐ3-3220ರಲ್ಲಿ ಎರಡನೆಯದೇ ಉಳಿಯಿತು. ಹಾಗಾಗಿ ಹೊರಗಿನಿಂದ ಒಂದೇ ರೀತಿ ಕಾಣುವ ಎರಡು 7010ಗಳ ನಡುವೆ, ಒಳಗಿರುವುದು ಐ3 ಅಥವಾ ಐ5 ಎಂಬುದರ ಮೇಲೆ, ಕಾರ್ಡಿಗೆ ಸಿಗುವ ವೇಗ ಒಂದಕ್ಕೆರಡು ಬದಲಾಗುತ್ತದೆ.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಮೆಮೊರಿಯ ಗಾತ್ರವನ್ನು ನೋಡಿ ಕಾರ್ಡು ಕೊಳ್ಳುವ ಅಭ್ಯಾಸದಷ್ಟು ಮೋಸ ಹೋಗಿಸುವುದು ಬೇರೊಂದಿಲ್ಲ. ಎನ್ವಿಡಿಯಾದ ಜಿಟಿ 1030 ಕಾರ್ಡು 2017ರಲ್ಲಿ ಜಿಡಿಡಿಆರ್5 ಎಂಬ ವೇಗದ ಮೆಮೊರಿಯೊಡನೆ ಬಂದಾಗ ಅದರ ವೇಗ ಸೆಕೆಂಡಿಗೆ 48 ಜಿಬಿ ಇತ್ತು; 2018ರಲ್ಲಿ ಅದೇ ಹೆಸರಿನಲ್ಲಿ, ಅದೇ 2 ಜಿಬಿ ಗಾತ್ರದಲ್ಲಿ, ಸಾಮಾನ್ಯ ಡಿಡಿಆರ್4 ಮೆಮೊರಿಯ ಇನ್ನೊಂದು ಆವೃತ್ತಿ ಬಂತು, ಅದರ ವೇಗ 16.8 ಜಿಬಿ. ಎರಡು ರ್‍ಯಾಮ್ ಪಟ್ಟಿಗಳಿರುವ 7010ರ ಡಿಡಿಆರ್3 ಮೆಮೊರಿಯೇ ಸೆಕೆಂಡಿಗೆ 25.6 ಜಿಬಿ ಕೊಡಬಲ್ಲುದಾದ್ದರಿಂದ, ಹೊಸದಾಗಿ ಹಣ ತೆತ್ತು ತಂದ ಕಾರ್ಡಿನ ಮೆಮೊರಿ ಹಳೆಯ ಯಂತ್ರದ ಮೆಮೊರಿಗಿಂತಲೂ ನಿಧಾನವಾಗಿರುವ ವಿಚಿತ್ರ ಸ್ಥಿತಿ ಒದಗುತ್ತದೆ. ಕಣಜ ಎಷ್ಟು ದೊಡ್ಡದಾದರೇನು, ಬಾಯಿ ಕಿರಿದಾಗಿದ್ದರೆ ಕಾಳು ಸುರಿಯುವುದು ನಿಧಾನವೇ. ಹೋಲಿಕೆಗೆ ಜಿಟಿಎಕ್ಸ್ 1650ರ ಮೂಲ ಆವೃತ್ತಿಯ ಮೆಮೊರಿ ವೇಗ 128 ಜಿಬಿ.

ಯಂತ್ರವನ್ನು ಆನ್ ಮಾಡಿದೊಡನೆ ಮೊದಲು ಎಚ್ಚರಗೊಳ್ಳುವ ಮದರ್‌ಬೋರ್ಡಿನ ತಂತ್ರಾಂಶಕ್ಕೆ ಹಿಂದೆ ಬಯೋಸ್ ಎಂದಿದ್ದು, ಅದರ ಜಾಗಕ್ಕೆ ಈಗ ಯುಇಎಫ್‌ಐ ಬಂದಿದೆ. ತೀರಾ ಹಳೆಯ ಬಯೋಸ್ ಇರುವ ಯಂತ್ರಗಳಲ್ಲಿ ಹೊಸ ಕಾರ್ಡು ತಿರುಗುವ ಫ್ಯಾನಿನೊಡನೆ ಕಪ್ಪು ಪರದೆಯನ್ನಷ್ಟೇ ತೋರಿಸುವುದುಂಟು. 7010ರ ಕಾಲದ ಯಂತ್ರಗಳಲ್ಲಿ ಎರಡೂ ವಿಧಾನಗಳಿರುವುದರಿಂದ, ಕಾರ್ಡು ಹಾಕುವ ಮೊದಲೇ ತಯಾರಕರ ಕೊನೆಯ ಆವೃತ್ತಿಗೆ ಬಯೋಸನ್ನು ನವೀಕರಿಸಿಕೊಂಡರೆ ತೊಂದರೆಯ ಸಂಭವ ಕಡಿಮೆ. ಇಂಟೆಲ್‌ನ ಆರ್ಕ್ ಎ380 ಮಾತ್ರ ಇಂಥ ಯಂತ್ರಗಳಿಗೆ ಸಲ್ಲದು. ಕಾರ್ಡಿನ ಮೆಮೊರಿಯನ್ನು ಪ್ರೊಸೆಸರು ಸಾಂಪ್ರದಾಯಿಕವಾಗಿ 256 ಎಂಬಿಯ ಕಿಟಕಿಯೊಂದರ ಮೂಲಕ ನೋಡುತ್ತದೆ. ಆ ಕಿಟಕಿಯನ್ನು ಇಡೀ ಮೆಮೊರಿಯಷ್ಟು ಹಿಗ್ಗಿಸುವ ರಿಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ಆರ್ಕ್ ಕಾರ್ಡುಗಳು ನೆಚ್ಚಿಕೊಂಡಿದ್ದು, ಅದಿಲ್ಲದೆಡೆ ಅವುಗಳ ಸಾಮರ್ಥ್ಯ ಬಹಳವಾಗಿ ಕುಗ್ಗುತ್ತದೆ. ಇಂಟೆಲ್ ಸ್ವತಃ ಸೂಚಿಸುವುದು ಹತ್ತನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರನ್ನು.

ಗಾತ್ರದ ವಿಷಯ ಅಳತೆಪಟ್ಟಿಯಿಂದ ತೀರುವಂಥದ್ದು: ತೆಳು ಕ್ಯಾಬಿನೆಟ್ಟಿಗೆ ಬೇಕಾದ ಲೋ ಪ್ರೊಫೈಲ್ ಕಾರ್ಡಿನ ಎತ್ತರ ಸುಮಾರು 69 ಮಿ.ಮೀ., ಸಾಧಾರಣ ಕಾರ್ಡಿನದು ಸುಮಾರು 111 ಮಿ.ಮೀ. ಮಾನಿಟರಿನ ಹಿಂದಿರುವ ಪ್ಲಗ್ಗನ್ನು ಮಾತ್ರ ಮರೆಯುವಂತಿಲ್ಲ. ಹದಿನೈದು ಪಿನ್ನಿನ ನೀಲಿ ವಿಜಿಎ ಪ್ಲಗ್ಗು ಮಾತ್ರವಿರುವ ಮಾನಿಟರುಗಳು ಇನ್ನೂ ಎಷ್ಟೋ ಮೇಜುಗಳ ಮೇಲಿದ್ದು, ಹೊಸ ಕಾರ್ಡುಗಳಲ್ಲಿ ಇರುವುದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎಂಬ ಡಿಜಿಟಲ್ ಸಂಪರ್ಕಗಳಾದ್ದರಿಂದ, ಒಳಗೆ ಚಿಪ್ ಇರುವ ಪರಿವರ್ತಕವೊಂದನ್ನು ಜೊತೆಗೇ ಕೊಳ್ಳಬೇಕಾಗುತ್ತದೆ.

ಕಾರ್ಡಿಗೆ ಕೆಲಸ ಒಪ್ಪಿಸುವ ಪ್ರೊಸೆಸರಿನ ಮಿತಿಯೂ ಇದೆ. ಪ್ರತಿ ದೃಶ್ಯದಲ್ಲಿ ಯಾವ ವಸ್ತು ಎಲ್ಲಿರಬೇಕೆಂದು ನಿರ್ಧರಿಸಿ ಕಾರ್ಡಿಗೆ ಆಜ್ಞೆ ಕಳಿಸುವುದು ಪ್ರೊಸೆಸರಾದ್ದರಿಂದ, ನಾಲ್ಕು ಕೋರುಗಳ ಐ5-3470 ಸೆಕೆಂಡಿಗೆ 50 ದೃಶ್ಯಗಳಿಗಷ್ಟೇ ಆಜ್ಞೆ ಸಿದ್ಧಪಡಿಸಬಲ್ಲ ಆಟದಲ್ಲಿ ಎಂಥ ದುಬಾರಿ ಕಾರ್ಡೂ 51ನೆಯದನ್ನು ಕೊಡಲಾರದು. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ಆಟದ ರೆಸಲ್ಯೂಷನ್ನನ್ನು ಅರ್ಧಕ್ಕೆ ಇಳಿಸಿದಾಗಲೂ ದೃಶ್ಯಗಳ ಸಂಖ್ಯೆ ಏರದಿದ್ದರೆ ತಡೆ ಇರುವುದು ಪ್ರೊಸೆಸರಿನಲ್ಲಿ. ಇದಲ್ಲದೆ, 2013ರ ನಾಲ್ಕನೇ ತಲೆಮಾರಿನಲ್ಲಿ ಇಂಟೆಲ್ ಸೇರಿಸಿದ ಎವಿಎಕ್ಸ್2 ಎಂಬ ಆಜ್ಞೆಗಳ ಗುಂಪು ಈ ಪ್ರೊಸೆಸರಿನಲ್ಲಿ ಇಲ್ಲದಿರುವುದರಿಂದ, ಅದನ್ನು ಕಡ್ಡಾಯವಾಗಿ ಬಯಸುವ ಕೆಲವು ಹೊಸ ಆಟಗಳು ಕಾರ್ಡು ಯಾವುದೇ ಇದ್ದರೂ ತೆರೆದುಕೊಳ್ಳುವುದೇ ಇಲ್ಲ.

ಈ ಎಲ್ಲ ಜರಡಿಗಳಲ್ಲಿ ಸೋಸಿದ ಮೇಲೆ 7010ರಂಥ ಯಂತ್ರಕ್ಕೆ ಉಳಿಯುವ ಹೆಸರುಗಳು ಬೆರಳೆಣಿಕೆಯವು. ಹೊಸದರಲ್ಲಿ, 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನಲ್ಲಿ, ಎಂಟು ಲೇನುಗಳ ಮೇಲೆ ನಡೆಯುವುದರಿಂದ ಐ5 ಇರುವಲ್ಲಿ ಅದು ಯೋಗ್ಯ. ಅದೇ ಹೆಸರಿನ 8 ಜಿಬಿ ಆವೃತ್ತಿ 130 ವ್ಯಾಟ್ ಬಯಸುವುದರಿಂದ ಬಿಲ್ಲಿನಲ್ಲಿ ಗಾತ್ರವನ್ನು ಓದಿಯೇ ಹಣ ಕೊಡಬೇಕು. ಸೆಕೆಂಡ್ ಹ್ಯಾಂಡಿನಲ್ಲಿ ಹೆಚ್ಚುವರಿ ಪ್ಲಗ್ಗಿಲ್ಲದ ಜಿಟಿಎಕ್ಸ್ 1650 ಇಂದಿಗೂ ಒಳ್ಳೆಯ ಆಯ್ಕೆ. ಇನ್ನೂ ಅಗ್ಗಕ್ಕೆ ಸಿಗುವ 2016ರ ಜಿಟಿಎಕ್ಸ್ 1050 ಟಿಐ ಕೂಡ 75 ವ್ಯಾಟಿನದೇ, ಆದರೆ ಆ ಪೀಳಿಗೆಗೆ ಹೊಸ ಆಟಗಳಿಗೆ ತಕ್ಕ ಡ್ರೈವರ್ ಒದಗಿಸುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿದ್ದು, ಭದ್ರತೆಯ ತಿದ್ದುಪಡಿಗಳು ಮಾತ್ರ 2028ರ ಅಕ್ಟೋಬರಿನವರೆಗೆ ಬರಲಿವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಐ5-3470 ಇಲ್ಲ. ಲಿನಕ್ಸಿಗೆ ಹೊರಳುವ ಮನಸ್ಸಿಲ್ಲದವರು ಇಂಥ ಯಂತ್ರದ ಮೇಲೆ ಎಷ್ಟು ಹಣ ಹಾಕಬೇಕೆಂಬುದನ್ನು ಈ ದಿನಾಂಕದ ಜೊತೆಗಿಟ್ಟು ತೂಗಬೇಕು. ಕೇವಲ ಯಂತ್ರ ನಿಧಾನವಾಗಿ ತೆರೆದುಕೊಳ್ಳುತ್ತದೆ ಎಂಬುದೇ ದೂರಾಗಿದ್ದರೆ ಅದಕ್ಕೆ ಮದ್ದು ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡಲ್ಲ.

ಬಳಸಿದ ಕಾರ್ಡುಗಳ ಪೇಟೆಯಲ್ಲಿ ಹಳೆಯ ಚಿಪ್ಪಿನ ತಂತ್ರಾಂಶವನ್ನು ತಿದ್ದಿ, 1050 ಟಿಐ ಎಂಬ ಹೆಸರು ತೋರುವಂತೆ ಮಾಡಿದ ನಕಲಿಗಳೂ ಓಡಾಡುತ್ತಿರುವುದರಿಂದ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಿಂದ ಚಿಪ್ಪಿನ ನಿಜವಾದ ಗುರುತನ್ನು ನೋಡುವುದು ಒಳ್ಳೆಯದು. ಕಾರ್ಡಿಗೆ ಎಷ್ಟು ಲೇನುಗಳು, ಯಾವ ಆವೃತ್ತಿಯ ವೇಗ ದೊರೆತಿದೆ ಎಂಬುದನ್ನೂ ಅದೇ ಪರದೆ ತೋರಿಸುತ್ತದೆ. ಅಲ್ಲಿ 1.1 ಎಂಬ ಆವೃತ್ತಿ ಕಂಡು ಗಾಬರಿಯಾಗಬೇಕಿಲ್ಲ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಸಂಪರ್ಕ ತಾನಾಗಿಯೇ ಆ ವೇಗಕ್ಕೆ ಇಳಿದಿರುತ್ತದೆ, ಕಾರ್ಡಿಗೆ ಭಾರ ಹೇರಿದೊಡನೆ ಐ5 ಇರುವಲ್ಲಿ 3.0ಕ್ಕೆ ಏರುತ್ತದೆ. ಭಾರ ಹೇರಿದ ಮೇಲೂ 16ರ ಬದಲು 8 ಅಥವಾ 4 ಲೇನುಗಳೇ ಕಾಣುತ್ತಿದ್ದು, ಕಾರ್ಡಿನ ವಿವರದಲ್ಲಿ 16 ಎಂದಿದ್ದರೆ, ವಿದ್ಯುತ್ ತೆಗೆದು, ಕಾರ್ಡನ್ನು ಕಳಚಿ, ಅದರ ಚಿನ್ನದ ಲೇಪದ ಅಂಚನ್ನೂ ಸ್ಲಾಟಿನೊಳಗಿನ ಧೂಳನ್ನೂ ಶುಚಿಗೊಳಿಸಿ, ಹಿಂಬದಿಯ ಕೊಕ್ಕೆ ಕಚ್ಚಿಕೊಳ್ಳುವವರೆಗೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.