ಶಟರ್ ಎಳೆದ ಮೇಲೆ ಏನು ನೋಡೋಣ?



ನಮ್ಮ ದಂಧೆಯವರಿಗೆ ಸಿನಿಮಾ ನೋಡಲು ಸಿಗುವ ಹೊತ್ತು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಕೊನೆಯ ಟೇಬಲ್ ಒರೆಸಿ, ಗಲ್ಲಾದ ಲೆಕ್ಕ ಮುಗಿಸಿ, ಮಾರನೇ ದಿನದ ಅಕ್ಕಿ ಉದ್ದು ನೆನೆಹಾಕಿದ್ದಾರೋ ಎಂದು ವಿಚಾರಿಸಿ, ಶಟರ್ ಎಳೆದು ಮನೆ ಮುಟ್ಟುವಾಗ ಗಂಟೆ ಹನ್ನೆರಡು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದ ಕಾಲದಲ್ಲಿ ದಕ್ಷಿಣದ ಸಿನಿಮಾ ಎಂದರೆ ಮಾಟುಂಗಾದ ಅರೋರಾ ಟಾಕೀಸು. ಅದಕ್ಕೂ ರಜೆ ಸಿಗಬೇಕು, ಜೇಬಿನಲ್ಲಿ ಕಾಸೂ ಇರಬೇಕು.

ಈಗ ಹಾಗಿಲ್ಲ. ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ವಿಡಿಯೊ 2016ರಲ್ಲಿ ನಮ್ಮ ದೇಶಕ್ಕೆ ಬಂದವು. ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ ಸೇರಿ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಪ್ರಸಾರ ಭಾರತಿಯವರೂ 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ಆ್ಯಪ್ ತಂದರು. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸಪ್ಲಾಯರ್ ಹುಡುಗರ ಕೈಯಲ್ಲೂ ಫೋನು, ಫೋನಿನಲ್ಲಿ ಸಿನಿಮಾ. ತೊಂದರೆ ಏನೆಂದರೆ ಮೆನು ಕಾರ್ಡು ಬಹಳ ಉದ್ದ. ಅದು ನೋಡಲೋ, ಇದು ನೋಡಲೋ ಎಂದು ರಿಮೋಟ್ ಒತ್ತುತ್ತ ಅರ್ಧ ಗಂಟೆ ಹೋಗುತ್ತದೆ, ನಿದ್ದೆ ಬರುತ್ತದೆ.

ಅದಕ್ಕಾಗಿ ಕಳೆದ ಕೆಲವು ವರ್ಷಗಳಲ್ಲಿ ನಾನು ನೋಡಿದವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಿನಿಮಾ ವಿಮರ್ಶಕನಲ್ಲ. ನನ್ನ ತಕ್ಕಡಿ ಒಂದೇ: ಇದರಲ್ಲಿ ಹೋಟೆಲಿನವನಿಗೆ ಏನಿದೆ? ಮನೆಯವರ ಜೊತೆ, ಮುಖ್ಯವಾಗಿ ಬೆಳೆದ ಮಕ್ಕಳ ಜೊತೆ ಕೂತು ನೋಡಿದರೆ ಏನು ಮಾತು ಹುಟ್ಟುತ್ತದೆ? ಯಾಕೆಂದರೆ ಇವತ್ತು ನಮ್ಮ ಯಾವ ಮೀಟಿಂಗಿಗೆ ಹೋದರೂ ಬಾಡಿಗೆ, ಗ್ಯಾಸು, ಆನ್‌ಲೈನ್ ಕಮಿಶನ್ ಎಲ್ಲ ಮಾತಾಡಿ ಮುಗಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ನಮ್ಮ ನಂತರ ಗಲ್ಲಾದಲ್ಲಿ ಕೂರುವವರು ಯಾರು?

ಹತ್ತು ಸೀಟಿನ ಹೋಟೆಲು

ಒಂದೇ ಒಂದು ನೋಡುವುದಾದರೆ ‘ಜಿರೋ ಡ್ರೀಮ್ಸ್ ಆಫ್ ಸುಶಿ’ ನೋಡಿ. 2011ರ ಡಾಕ್ಯುಮೆಂಟರಿ. ಮಾಡಿದವರು ಡೇವಿಡ್ ಗೆಲ್ಬ್. ಟೋಕಿಯೋ ನಗರದ ಗಿಂಜಾದಲ್ಲಿ ನೆಲದಡಿಯ ರೈಲು ಸ್ಟೇಶನ್ನಿನ ಪಕ್ಕದಲ್ಲಿ ಹತ್ತು ಸೀಟಿನ ಒಂದು ಸುಶಿ ಹೋಟೆಲು. ಸುಶಿ ಎಂದರೆ ಹುಳಿ ಬೆರೆಸಿದ ಅನ್ನದ ಚಿಕ್ಕ ಉಂಡೆಯ ಮೇಲೆ ಮೀನಿನ ತುಂಡು. ಯಜಮಾನರು ಜಿರೋ ಓನೊ, ಆಗ ಅವರಿಗೆ 85 ವರ್ಷ. ಸಸ್ಯಾಹಾರಿಗಳು ಮುಖ ಸಿಂಡರಿಸಬೇಡಿ. ಇದು ಮೀನಿನ ಕತೆಯಲ್ಲ, ಕೆಲಸದ ಕತೆ.

ಅಲ್ಲಿ ಸೇರಿದ ಹುಡುಗ ಮೊದಲು ಕಲಿಯುವುದು ಗಿರಾಕಿಗೆ ಕೊಡುವ ಬಿಸಿ ಟವೆಲನ್ನು ಕೈಯಲ್ಲಿ ಹಿಂಡುವುದು. ಕೈ ಸುಟ್ಟರೂ ಹಿಂಡಬೇಕು. ಮೀನು ಮುಟ್ಟುವುದು ಆಮೇಲೆ. ಒಬ್ಬ ಹುಡುಗ ಮೊಟ್ಟೆಯ ಒಂದು ಬಗೆ ಕಲಿಯಲು ಇನ್ನೂರಕ್ಕೂ ಹೆಚ್ಚು ಸಲ ಮಾಡುತ್ತಾನೆ. ಅಷ್ಟೂ ಸಲ ‘ಇದಲ್ಲ’ ಎಂಬ ಉತ್ತರ. ಕೊನೆಗೆ ಒಂದು ದಿನ ‘ಹೀಗಿರಬೇಕು’ ಎಂದಾಗ ಅವನ ಕಣ್ಣಲ್ಲಿ ನೀರು. ಟೇಬಲ್ ಒರೆಸಿ, ನೀರು ಇಟ್ಟು, ಪ್ಲೇಟು ತೊಳೆದು, ಆಮೇಲೆ ಭಟ್ಟರ ಕೈಕೆಳಗೆ ದೋಸೆ ಕಾವಲಿಯ ಬಳಿ ನಿಂತು ಬಂದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ನನ್ನ ಮನಸ್ಸು ಹಿಡಿದದ್ದು ಬೇರೆ. ಜಿರೋ ಅವರಿಗೆ ಇಬ್ಬರು ಮಕ್ಕಳು. ಕಿರಿಯವನಿಗೆ ಬೇರೆ ಹೋಟೆಲು ಹಾಕಿಕೊಟ್ಟಾಗಿದೆ. ಹಿರಿಯ ಮಗ ಯೋಶಿಕಾಝು ಆ ಹೊತ್ತಿಗೆ ಐವತ್ತರವರು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಮೀನು ಆರಿಸಿ ತರುವವರು ಅವರೇ. ಹೆಸರು ಮಾತ್ರ ತಂದೆಯದು. ಫಿಲ್ಮಿನ ಕೊನೆಯ ಕಡೆ ಒಂದು ಮಾತು ಬರುತ್ತದೆ: ಜಗತ್ತಿನ ದೊಡ್ಡ ಮನ್ನಣೆಯಾದ ಮಿಶೆಲಿನ್ ಸ್ಟಾರ್ ಕೊಡುವವರು ಪರೀಕ್ಷೆಗೆ ಬಂದಾಗ ಅವರಿಗೆ ಸುಶಿ ಮಾಡಿ ಬಡಿಸಿದವರು ತಂದೆಯಲ್ಲ, ಮಗ.

ಇದನ್ನು ನಾನು ಮಗನ ಜೊತೆ ನೋಡಿದೆ. ಅವನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಶನಿವಾರ ಮನೆಗೆ ಬರುತ್ತಾನೆ. ಫಿಲ್ಮ್ ಮುಗಿದ ಮೇಲೆ, “ಅಪ್ಪ, ಈ ಮುದುಕರು ಮಗನಿಗೆ ಯಾವಾಗ ಬಿಟ್ಟು ಕೊಡ್ತಾರೆ?” ಎಂದು ಕೇಳಿದ. ಕೇಳಿದ್ದು ಜಪಾನಿನವರ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದೆವು. ಜಾಗದ ಕರಾರು ಯಾವಾಗ ಮುಗಿಯುತ್ತದೆ, ಸಾಲ ಎಷ್ಟಿದೆ, ಸಾಮಾನಿನವರಿಗೆ ವಾಯಿದೆ ಎಷ್ಟು ದಿನ, ಹಳೇ ಭಟ್ಟರು ಹೋದರೆ ಸಾಂಬಾರ್ ಪುಡಿಯ ಅಳತೆ ಯಾರ ಹತ್ತಿರ ಇದೆ, ಎಲ್ಲ ಕೇಳಿದ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ‘ಮಕ್ಕಳಿಗೆ ಹೋಟೆಲ್ ಬೇಡ’ ಎಂದು ನಾವು ಹೇಳುತ್ತಲೇ ಇರುತ್ತೇವೆ. ಮಕ್ಕಳು ಕೇಳುವುದು ಇನ್ನೊಂದು: ಬಂದರೆ ನಮಗೆ ಅಲ್ಲಿ ಜಾಗ ಇದೆಯಾ? ಪ್ಲೇಟಿನ ಬಣ್ಣ ಬದಲಿಸಲೂ ಅಪ್ಪನ ಅಪ್ಪಣೆ ಬೇಕಾದರೆ ಅವನು ಯಾಕೆ ಬರಬೇಕು?

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡಿಗೆ

ಅದೇ ಡೇವಿಡ್ ಗೆಲ್ಬ್ 2015ರಿಂದ ನೆಟ್‌ಫ್ಲಿಕ್ಸಿನಲ್ಲಿ ‘ಶೆಫ್ಸ್ ಟೇಬಲ್’ ಎಂಬ ಸರಣಿ ಮಾಡಿದರು. ಒಂದು ಕಂತಿಗೆ ಒಬ್ಬರು. ಎಲ್ಲವೂ ನಮಗೆ ಬೇಕಾಗಿಲ್ಲ. ದೊಡ್ಡ ತಟ್ಟೆಯಲ್ಲಿ ಚಿಟಿಕೆಯಷ್ಟು ಇಟ್ಟು ಹೂವು ಸಿಕ್ಕಿಸುವುದನ್ನು ನೋಡಿ ನಮಗೇನು ಲಾಭ? ಎರಡು ಕಂತು ಹೇಳುತ್ತೇನೆ.

ಮೊದಲನೆಯದು 2017ರ ಮೂರನೇ ಸರಣಿಯಲ್ಲಿ ಬರುವ ಜಿಯೊಂಗ್ ಕ್ವಾನ್ ಎಂಬ ಬೌದ್ಧ ಸನ್ಯಾಸಿನಿಯದು. ಕೊರಿಯಾದ ಬೇಕ್‌ಯಾಂಗ್‌ಸಾ ದೇವಾಲಯದಲ್ಲಿ ಅಡಿಗೆ ಮಾಡುವವರು. ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನೋಡುವಾಗ ನನಗೆ ಉಡುಪಿಯ ಮಠದ ಅಡಿಗೆ ನೆನಪಾಯಿತು. ಎಲ್ಲಿಯ ಕೊರಿಯಾ, ಎಲ್ಲಿಯ ಉಡುಪಿ! ನಮ್ಮಲ್ಲಿ ಕುಂಬಳಕಾಯಿ ಹುಳಿಯನ್ನು ‘ಅದೇನು ಮಹಾ’ ಎಂದು ಮೆನುವಿನಿಂದ ತೆಗೆದುಹಾಕುತ್ತೇವೆ. ಅಲ್ಲಿ ಅಂಥದ್ದನ್ನೇ ಉಣ್ಣಲು ದೂರದ ದೇಶಗಳಿಂದ ಬರುತ್ತಾರೆ.

ಎರಡನೆಯದು 2019ರ ಆಸ್ಮಾ ಖಾನ್ ಅವರ ಕಂತು. ಕೋಲ್ಕತ್ತಾದಲ್ಲಿ ಹುಟ್ಟಿದ ಇವರು ಲಂಡನ್ನಿನಲ್ಲಿ ‘ಡಾರ್ಜಿಲಿಂಗ್ ಎಕ್ಸ್‌ಪ್ರೆಸ್’ ನಡೆಸುತ್ತಾರೆ. ಅವರ ಅಡಿಗೆಮನೆಯಲ್ಲಿ ಹೆಂಗಸರೇ, ಅದೂ ಯಾವ ಹೋಟೆಲ್ ತರಬೇತಿಯೂ ಇಲ್ಲದ ಮನೆ ಅಡಿಗೆಯವರು. ಕೆಲಸಕ್ಕೆ ಹುಡುಗರು ಸಿಗುವುದಿಲ್ಲ ಎಂದು ಕೈಕಟ್ಟಿ ಕೂತವರು, ಅದರಲ್ಲೂ ಕೇಟರಿಂಗ್ ಮಾಡುವವರು, ಇದನ್ನು ಅಗತ್ಯ ನೋಡಿ.

ಇವರದೇ ‘ಸ್ಟ್ರೀಟ್ ಫುಡ್: ಏಷ್ಯಾ’ (2019) ಕೂಡ ಚೆನ್ನಾಗಿದೆ. ಬ್ಯಾಂಕಾಕಿನ ಜೇ ಫೈ ಎಂಬ ಅಜ್ಜಿ ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡು ಇದ್ದಿಲ ಬೆಂಕಿಯ ಮುಂದೆ ಏಡಿ ಆಮ್ಲೆಟ್ ಹುರಿಯುವುದು ನೋಡಿದರೆ ‘ಸೊಂಟ ನೋವು’ ಎನ್ನಲು ನಾಚಿಕೆಯಾಗುತ್ತದೆ.

ಚೀಟಿ ನಿಲ್ಲದ ದಿನ

‘ದಿ ಬೇರ್’ 2022ರಲ್ಲಿ ಶುರುವಾದ ಅಮೆರಿಕದ ಸರಣಿ. ಇಲ್ಲಿ ಜಿಯೋಹಾಟ್‌ಸ್ಟಾರಿನಲ್ಲಿ ಬಂತು. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಪಳಗಿದ ಹುಡುಗನೊಬ್ಬ, ಅಣ್ಣ ತೀರಿಕೊಂಡ ಮೇಲೆ, ಸಾಲ ತುಂಬಿದ ಸ್ಯಾಂಡ್‌ವಿಚ್ ಅಂಗಡಿ ನಡೆಸಲು ಚಿಕಾಗೋಕ್ಕೆ ಹಿಂತಿರುಗುತ್ತಾನೆ. ಹಳೇ ಕೆಲಸದವರು ಅವನ ಮಾತು ಕೇಳುವುದಿಲ್ಲ. ಮೊದಲ ಸರಣಿಯ ಏಳನೇ ಕಂತು ಇಪ್ಪತ್ತು ನಿಮಿಷದ್ದು, ಹೆಚ್ಚುಕಡಿಮೆ ಇಡೀ ಕಂತು ಕಟ್ ಇಲ್ಲದೆ ಒಂದೇ ಶಾಟ್. ಆನ್‌ಲೈನಿನಲ್ಲಿ ಮುಂಗಡ ಆರ್ಡರ್ ತೆಗೆದುಕೊಳ್ಳುವುದನ್ನು ಬಂದ್ ಮಾಡಲು ಮರೆತಿರುತ್ತಾರೆ. ಬಾಗಿಲು ತೆರೆಯುವ ಮೊದಲೇ ಮಿಶಿನ್ನಿನಿಂದ ಚೀಟಿ ಮೇಲೆ ಚೀಟಿ ಬರುತ್ತದೆ, ನಿಲ್ಲುವುದೇ ಇಲ್ಲ. ಕೂಗಾಟ, ಜಗಳ, ಚಾಕು ತಾಗುವುದು. ಮಳೆಗಾಲದ ಭಾನುವಾರ ರಾತ್ರಿ ಸ್ವಿಗ್ಗಿ, ಝೊಮ್ಯಾಟೊ ಎರಡೂ ಒಟ್ಟಿಗೆ ಕೂಗುವಾಗ ಕಿಚನ್ನಿನಲ್ಲಿ ನಿಂತವರಿಗೆ ಇದು ಸಿನಿಮಾ ಅನಿಸುವುದಿಲ್ಲ.

ಈ ಸರಣಿಗೆ ಅಮೆರಿಕದ ಎಮ್ಮಿ ಪ್ರಶಸ್ತಿ ಬಂದದ್ದು ‘ಹಾಸ್ಯ’ ವಿಭಾಗದಲ್ಲಿ! ನೋಡುವವರಿಗೆ ಹಾಸ್ಯ ಇರಬಹುದು, ಹೋಟೆಲಿನವನಿಗೆ ಬೆವರು ಬರುತ್ತದೆ. ಒಂದು ಎಚ್ಚರಿಕೆ: ಬೈಗುಳ ಧಾರಾಳ ಇದೆ. ಮನೆಯಲ್ಲಿ ಅಮ್ಮ, ಚಿಕ್ಕ ಮಕ್ಕಳು ಇದ್ದರೆ ಹಾಕಬೇಡಿ.

ಹೆಸರು ಹೋದ ಅಣ್ಣತಮ್ಮಂದಿರು

‘ದಿ ಫೌಂಡರ್’ (2016) ಮೆಕ್‌ಡೊನಾಲ್ಡ್ ಸಹೋದರರ ಕತೆ. ನಿಜವಾಗಿ ನಡೆದದ್ದು. ಅಡಿಗೆಮನೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಟೆನಿಸ್ ಮೈದಾನದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಹುಡುಗರನ್ನು ನಿಲ್ಲಿಸಿ ನೋಡುತ್ತಾರೆ. ಹೊಸ ಕಿಚನ್ ಕಟ್ಟುವವರು ಆ ಒಂದು ದೃಶ್ಯಕ್ಕಾಗಿಯಾದರೂ ನೋಡಬೇಕು. ಆಮೇಲೆ ರೇ ಕ್ರಾಕ್ ಎಂಬ ವ್ಯಾಪಾರಿ ಬರುತ್ತಾನೆ, ಬ್ರಾಂಚು ತೆರೆಯುತ್ತಾನೆ, 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಎಲ್ಲವನ್ನೂ ಬರೆಸಿಕೊಳ್ಳುತ್ತಾನೆ. ಕೊನೆಗೆ ಅಣ್ಣತಮ್ಮಂದಿರು ತಮ್ಮದೇ ಮೊದಲ ಹೋಟೆಲಿನ ಮೇಲೆ ತಮ್ಮ ಹೆಸರಿನ ಬೋರ್ಡು ಹಾಕುವಂತಿಲ್ಲ.

ನಮ್ಮಲ್ಲಿ ಹೋಟೆಲನ್ನು ಕಂಡಕ್ಟಿಂಗಿಗೆ ಕೊಡುವವರು, ಹೆಸರನ್ನು ಫ್ರಾಂಚೈಸಿಗೆ ಕೊಡುವವರು ಈಗ ಬಹಳ ಮಂದಿ. ಮಗ ಬರುವುದಿಲ್ಲ ಎಂದ ಮೇಲೆ ಹೆಚ್ಚಿನವರು ಹಿಡಿಯುವ ದಾರಿ ಅದೇ. ಬಾಯಿಮಾತಿನ ವಿಶ್ವಾಸ ಒಳ್ಳೆಯದೇ, ಆದರೆ ಹೆಸರು ಯಾರದ್ದು, ಎಷ್ಟು ವರ್ಷಕ್ಕೆ, ಯಾವ ಊರಿಗೆ ಎಂಬುದು ಕಾಗದದಲ್ಲಿರಲಿ. ಸಹಿ ಹಾಕುವ ಮೊದಲು ಈ ಸಿನಿಮಾ ನೋಡಿ, ಆಮೇಲೆ ವಕೀಲರ ಹತ್ತಿರ ಹೋಗಿ.

ನಗಬೇಕೆನಿಸಿದರೆ

ದಿನವಿಡೀ ದುಡಿದು ಬಂದು ಪಾಠವನ್ನೇ ಕೇಳಬೇಕೆ ಎನ್ನುವವರಿಗೆ ಕೆಲವು ನಗುವಿನವು. ಕೇಟರಿಂಗಿನವರು ಮೊದಲು ನೋಡಬೇಕಾದ್ದು ತಮಿಳಿನ ‘ಮೈಕೇಲ್ ಮದನ ಕಾಮ ರಾಜನ್’ (1990). ನಮ್ಮ ರಾಜಣ್ಣನ ‘ಹಾಲು ಜೇನು’ ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸ ರಾವ್ ಅವರದು. ಕಮಲ್ ಹಾಸನ್‌ಗೆ ನಾಲ್ಕು ಪಾತ್ರ, ಅದರಲ್ಲೊಬ್ಬ ಪಾಲಕ್ಕಾಡಿನ ಅಡಿಗೆ ಭಟ್ಟ. ಸಸ್ಯಾಹಾರಿ ಮದುವೆ ಊಟದ ಸಾಂಬಾರಿನಲ್ಲಿ ಮೀನು ಬಿದ್ದ ಪ್ರಸಂಗ ನೋಡಿ ನಗದ ಕೇಟರರ್ ಇರಲಿಕ್ಕಿಲ್ಲ. ನಗುತ್ತಲೇ ಎದೆ ಒಮ್ಮೆ ಧಸಕ್ ಎನ್ನುತ್ತದೆ.

ಮಕ್ಕಳಿಗೆ ‘ರಾಟಟೂಯಿ’ (2007) ಎಂಬ ಕಾರ್ಟೂನ್ ಸಿನಿಮಾ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಇಲಿಯೊಂದು ಅಡಿಗೆ ಮಾಡುತ್ತದೆ. ಅಲ್ಲಿಯೂ ಇನ್ಸ್‌ಪೆಕ್ಟರ್ ಬಂದು ಇಲಿ ಕಂಡು ಬಾಗಿಲು ಹಾಕಿಸುತ್ತಾನೆ. ಲೈಸೆನ್ಸಿನ ವಿಷಯದಲ್ಲಿ ಪ್ಯಾರಿಸ್ಸೂ ಒಂದೇ, ನಮ್ಮ ವಾರ್ಡೂ ಒಂದೇ.

ಕನ್ನಡದಲ್ಲಿ ಪ್ರಕಾಶ್ ರೈ ಅವರ ‘ಒಗ್ಗರಣೆ’ (2014) ರುಚಿಯ ಹುಚ್ಚಿರುವ ಇಬ್ಬರ ಕತೆ, ಮಲಯಾಳದ ‘ಸಾಲ್ಟ್ ಅಂಡ್ ಪೆಪ್ಪರ್’ನಿಂದ ಬಂದದ್ದು. ಊರಿನ ನೆನಪಾದರೆ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ (2025) ಹಾಕಿ. ಅಡಿಗೆಯ ಸಿನಿಮಾ ಅಲ್ಲ, ಆದರೆ ಕರಾವಳಿಯ ಆ ಮಾತು, ಆ ಜನ ಕಂಡರೆ ಮುಂಬಯಿಯ ಮಳೆಯೂ ಊರಿನ ಮಳೆಯ ಹಾಗೆ ಕೇಳಿಸುತ್ತದೆ. ಹಿರಿಯರಿದ್ದರೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ (1987), ಆಗುಂಬೆಯಲ್ಲಿ ತೆಗೆದದ್ದು.

ಮಕ್ಕಳ ಜೊತೆ ನೋಡಲು

ಇದಕ್ಕೆ ಎರಡು. ಮೊದಲನೆಯದು ಮಲಯಾಳದ ‘ಉಸ್ತಾದ್ ಹೋಟೆಲ್’ (2012). ವಿದೇಶದಲ್ಲಿ ಅಡಿಗೆ ಕಲಿತು ಬಂದ ಹುಡುಗ ಅಪ್ಪನ ಜೊತೆ ಜಗಳವಾಡಿ ಕೋಝಿಕ್ಕೋಡಿನ ಕಡಲ ಬದಿಯಲ್ಲಿರುವ ಅಜ್ಜನ ಹೋಟೆಲಿಗೆ ಬರುತ್ತಾನೆ. ಅಜ್ಜನ ಪಾತ್ರ ತಿಲಕನ್ ಅವರದು. ಅಜ್ಜ ಮೊಮ್ಮಗನನ್ನು ಸೀದಾ ಒಲೆಯ ಮುಂದೆ ನಿಲ್ಲಿಸುವುದಿಲ್ಲ, ಸಾಮಾನು ಹೊರಿಸುತ್ತಾನೆ, ಬಡಿಸಲು ಕಳಿಸುತ್ತಾನೆ. ಆದರೆ ಕೊನೆಗೆ ಹೋಟೆಲನ್ನು ಅವನ ಕೈಗೆ ಕೊಟ್ಟು ತಾನು ಹೊರಟುಹೋಗುತ್ತಾನೆ. ಕೊಡಬೇಕಾದ ಹೊತ್ತಿಗೆ ಕೊಡುವುದು ಆ ಅಜ್ಜನಿಗೆ ಗೊತ್ತು.

ಎರಡನೆಯದು ‘ಶೆಫ್’ (2014), ಜಾನ್ ಫಾವ್ರೊ ಅವರದು. ದೊಡ್ಡ ಹೋಟೆಲಿನ ಕೆಲಸ ಬಿಟ್ಟವನು ಗಾಡಿಯಲ್ಲಿ ಸ್ಯಾಂಡ್‌ವಿಚ್ ಮಾರುತ್ತಾನೆ, ಜೊತೆಗೆ ಚಿಕ್ಕ ಮಗ. ಒಂದು ಸಲ ಸ್ಯಾಂಡ್‌ವಿಚ್ ಕರಟಿರುತ್ತದೆ. ತಿನ್ನುವವರು ಹಣ ಕೊಡುವುದಿಲ್ಲವಲ್ಲ, ನಡೆಯುತ್ತದೆ ಎನ್ನುತ್ತಾನೆ ಹುಡುಗ. ಅಪ್ಪ ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡುತ್ತಾನೆ. ಅದನ್ನು ಕೊಡಬಾರದು ಎಂದು ಹುಡುಗ ತಾನೇ ಒಪ್ಪಿಕೊಳ್ಳುತ್ತಾನೆ. ಎಲ್ಲರೆದುರು ಬೈಯುವ ಅಭ್ಯಾಸ ನಮ್ಮ ದಂಧೆಯಲ್ಲಿ ಜಾಸ್ತಿ. ಬೈಯದೆಯೂ ಕಲಿಸಬಹುದು.

ಕೊನೆಗೆ ಎರಡು ವ್ಯವಹಾರದ ಮಾತು

ಮನೆಯ ಚಂದಾ ಮನೆಗೆ ಮಾತ್ರ. ನೆಟ್‌ಫ್ಲಿಕ್ಸಿನವರ ನಿಯಮದಲ್ಲೇ ಸ್ವಂತ, ವ್ಯಾಪಾರೇತರ ಬಳಕೆಗೆ ಎಂದಿದೆ. ಹೋಟೆಲಿನ ಟಿವಿಯಲ್ಲಿ ಗಿರಾಕಿಗಳಿಗೆ ಹಾಕಿದರೆ ಕಾಪಿರೈಟ್ ಕಾನೂನಿನ ತಂಟೆ ಬರುತ್ತದೆ. ಇರುವ ಲೈಸೆನ್ಸುಗಳ ಕಾಟವೇ ಸಾಕು.

ಇನ್ನೊಂದು: ಇವತ್ತು ಒಂದು ಆ್ಯಪಿನಲ್ಲಿದ್ದ ಸಿನಿಮಾ ನಾಳೆ ಇನ್ನೊಂದರಲ್ಲಿರುತ್ತದೆ. ಆದ್ದರಿಂದ ಚಂದಾ ಕಟ್ಟುವ ಮೊದಲು ಫೋನಿನಲ್ಲಿ ಹೆಸರು ಹುಡುಕಿ, ಎಲ್ಲಿದೆ ನೋಡಿಕೊಳ್ಳಿ. ಇಂಗ್ಲಿಷ್ ಅರ್ಥವಾಗದಿದ್ದರೆ ಸಂಕೋಚ ಬೇಡ. ಕೆಳಗೆ ಬರುವ ಅಕ್ಷರ ಮಕ್ಕಳು ಓದಿ ಹೇಳುತ್ತಾರೆ. ನನಗೂ ಅರ್ಧ ಸಿನಿಮಾ ಹಾಗೆಯೇ ಅರ್ಥವಾದದ್ದು. ಮಗ ಒಂದು ಮಾತು ಓದಿ ಹೇಳಿದರೆ ನಾವು ಎರಡು ಮಾತು ಸೇರಿಸುತ್ತೇವೆ, ಅಲ್ಲಿಂದ ನಮ್ಮ ಹೋಟೆಲಿನ ಮಾತು ಶುರುವಾಗುತ್ತದೆ.

ಈ ತಿಂಗಳು ಇವುಗಳಲ್ಲಿ ಯಾವುದಾದರೂ ಒಂದನ್ನು ಮಗನೋ ಮಗಳೋ ಮನೆಯಲ್ಲಿರುವ ದಿನ ಹಾಕಿ. ಮುಗಿದ ಮೇಲೆ ಟಿವಿ ಆರಿಸಿ, ಹತ್ತು ನಿಮಿಷ ಎದ್ದು ಹೋಗಬೇಡಿ.