ಕಹಳೆ ಬಂಡೆ: ಕಾವಲಿಗೂ ನೀರಿಗೂ ಒಂದೇ ಎತ್ತರ

ಬೆಂಗಳೂರಿನ ಬಸವನಗುಡಿಗೆ ಬಂದವರು ದೊಡ್ಡ ಗಣಪತಿಗೆ ಕೈಮುಗಿದು, ಮೆಟ್ಟಿಲು ಹತ್ತಿ ದೊಡ್ಡ ಬಸವಣ್ಣನನ್ನು ಕಂಡು, ಕೆಳಗಿಳಿದು ಗಾಂಧಿ ಬಜಾರಿನ ಕಡೆ ಹೊರಟುಬಿಡುತ್ತಾರೆ. ಗುಡಿಗೆ ಒತ್ತಿಕೊಂಡೇ ಇರುವ ಬಂಡೆಯನ್ನು ಹತ್ತುವವರು ಹೆಚ್ಚಾಗಿ ಆಸುಪಾಸಿನ ಮನೆಗಳವರು, ಬೆಳಗ್ಗೆ ಸಂಜೆ ನಡೆಯಲು ಬರುವವರು. ಬ್ಯೂಗಲ್ ರಾಕ್ ಎಂದೇ ಜನರ ಬಾಯಲ್ಲಿರುವ ಈ ಕಹಳೆ ಬಂಡೆಯೂ ಅದರ ಸುತ್ತಲಿನ ಸುಮಾರು 16 ಎಕರೆಯ ಉದ್ಯಾನವೂ ಲಾಲ್‌ಬಾಗಿನ ಮುಂದೆ ತೀರಾ ಚಿಕ್ಕವು. ಆದರೆ ಹಳೆಯ ಬೆಂಗಳೂರಿಗೆ ಎತ್ತರ ಯಾಕೆ ಬೇಕಿತ್ತು, ಅದರ ನೀರು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ನಡೆದೇ ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ.

ಮೊದಲು ಬಂಡೆಯನ್ನೇ ನೋಡಬೇಕು. ಬೂದು ಮೈಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಬಳುಕಿಕೊಂಡು ಸಾಗುತ್ತವೆ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾಗಿ ಮಡಚಿಕೊಂಡದ್ದರ ಗುರುತು ಅದು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಕೊಟ್ಟ ಹೆಸರಿದು. ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ತಲೆ ಎತ್ತತೊಡಗಿ ಐದಾರು ಕೋಟಿ ವರ್ಷವಷ್ಟೇ ಆಯಿತು. ಇದೇ ಜಾತಿಯ ಲಾಲ್‌ಬಾಗಿನ ಬಂಡೆಗೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ಸಿಕ್ಕಿತು. ಬಸವನಗುಡಿಯ ಬಂಡೆ ಅಂಥ ಫಲಕವಿಲ್ಲದೆಯೂ ಅಷ್ಟೇ ಘನವಾದದ್ದು. ಪಕ್ಕದ ಗುಡಿಯ ಬಸವಣ್ಣ, ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ, ಏಕಶಿಲೆಯಲ್ಲೇ ಅರಳಿದವನು.

ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳು ಲಾಲ್‌ಬಾಗ್, ಹಲಸೂರು, ಮೇಖ್ರಿ ವೃತ್ತ, ಕೆಂಪಾಂಬುಧಿ ಕೆರೆಯ ಬಳಿ ಇವೆ. ಕಹಳೆ ಬಂಡೆ ಆ ನಾಲ್ಕರಲ್ಲಿ ಸೇರಿಲ್ಲ, ಆದರೂ ಕಾವಲಿನ ಕೆಲಸದಲ್ಲಿ ಅವುಗಳ ಜೊತೆಗಾರ. ಹೊತ್ತು ಮುಳುಗುವಾಗ ಕಾವಲುಗಾರ ಇಲ್ಲಿ ನಿಂತು ಕಹಳೆ ಊದುತ್ತಿದ್ದ, ಪಂಜು ಹಿಡಿದು ಉಳಿದ ಕಡೆಯ ಕಾವಲಿಗೆ ಸಂಕೇತ ಕೊಡುತ್ತಿದ್ದ ಎಂಬುದು ತಲೆಮಾರುಗಳಿಂದ ಬಂದ ಹೇಳಿಕೆ. ಈಗ ಮರಗಳೂ ಕಟ್ಟಡಗಳೂ ನೋಟಕ್ಕೆ ಅಡ್ಡ ಬಂದಿವೆ. ಕಟ್ಟಡಗಳ ಬಗ್ಗೆ ಬೇಸರವಾದೀತು, ಮರಗಳ ಬಗ್ಗೆ ಇಲ್ಲ. ಬಿರುಬೇಸಿಗೆಯಲ್ಲೂ ನೆರಳು ತಪ್ಪದ ಈ ತೋಪಿನಲ್ಲಿ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ಜೋತು ಬಿದ್ದು ಗದ್ದಲ ಮಾಡುತ್ತಿರುತ್ತವೆ.

ಎತ್ತರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀರಿನ ಕಥೆ ಹಿಂದೆ ಬಿದ್ದಿದೆ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಇಲ್ಲಿನ ನಂಬಿಕೆ. ನಂಬಿಕೆಯ ಹಿಂದೆ ನೆಲದ ನ್ಯಾಯವೂ ಇದೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಅಲ್ಲೇ ಇಂಗಲು ದಾರಿಯಿಲ್ಲ, ಜಾರಿ ಬುಡಕ್ಕೆ ಬರುತ್ತದೆ. ಬುಡದಲ್ಲಿ ಸಾವಿರಾರು ವರ್ಷಗಳಿಂದ ಕಲ್ಲು ಸವೆದು ಪುಡಿಯಾದ ಪದರವಿರುತ್ತದೆ. ನೀರು ಅದರಲ್ಲಿ ತುಂಬಿಕೊಂಡು, ಮಳೆ ನಿಂತ ಮೇಲೂ ತಗ್ಗಿನಲ್ಲಿ ನಿಧಾನವಾಗಿ ಜಿನುಗುತ್ತದೆ. ಬೆಂಗಳೂರಿನ ನಡುವೆ ಹಾದುಹೋಗುವ ದಿಬ್ಬದ ಪೂರ್ವಕ್ಕೆ ಇಳಿದ ನೀರು ದಕ್ಷಿಣ ಪಿನಾಕಿನಿಯ ಪಾಲು, ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಆ ಪಶ್ಚಿಮದ ಕಣಿವೆಯಲ್ಲೇ ಏರಿ ಕಟ್ಟಿ ಕೆಂಪಾಂಬುಧಿಯನ್ನು ನಿಲ್ಲಿಸಿದರು, ಅದರ ಬಳಿ ಗೋಪುರವನ್ನೂ ಎಬ್ಬಿಸಿದರು. ಕಾವಲಿನ ಕಣ್ಣು ದಾರಿಯ ಮೇಲಿದ್ದಂತೆ ಕೆರೆಯ ಮೇಲೂ ಇರಬೇಕಿತ್ತು. ನೀರಿಲ್ಲದ ಊರನ್ನು ಕಾಯುವುದೇನಿದೆ?

ಇಂದು ಅದೇ ವೃಷಭಾವತಿ ಮೈಸೂರು ರಸ್ತೆಯ ಪಕ್ಕ ಕೊಳಚೆ ಹೊತ್ತು ಹರಿಯುತ್ತಿದೆ. ಮೂಲದ ಗುಡ್ಡವನ್ನು ಇಷ್ಟು ಅಕ್ಕರೆಯಿಂದ ಉಳಿಸಿಕೊಂಡ ಊರು, ಒಂದೆರಡು ಮೈಲಿ ಕೆಳಗೆ ನದಿಯನ್ನು ಮೋರಿ ಎಂದು ಕರೆಯುವುದು ಸಂಕಟದ ಸಂಗತಿ. ಬಂಡೆಯ ಸುತ್ತ ಮಣ್ಣು ಮಣ್ಣಾಗಿಯೇ ಉಳಿಯಬೇಕು. ನಡಿಗೆಗೆಂದು ಇನ್ನಷ್ಟು ಕಾಂಕ್ರೀಟು ಹಾಸಿದರೆ ಬುಡಕ್ಕೆ ಬಂದ ನೀರು ನೇರ ಚರಂಡಿಗೆ ಹೋಗುತ್ತದೆ.

1898ರ ಪ್ಲೇಗಿನ ನಂತರ ಗಾಳಿ ಬೆಳಕಿನ ಬಡಾವಣೆಯಾಗಿ ಬಸವನಗುಡಿ ಬೆಳೆದಾಗ ಈ ಗುಡ್ಡ ಅದರ ಅಂಗಳವಾಯಿತು. ಉದ್ಯಾನದಲ್ಲಿರುವ ಡಿ.ವಿ.ಜಿ. ಪ್ರತಿಮೆ ಸರಿಯಾದ ಕಡೆಯೇ ಇದೆ: ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲಿಂದ ದೂರವಿಲ್ಲ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಹಿಂದಿನ ಸುಂಕೇನಹಳ್ಳಿಯ ರೈತರು ಹೊಸ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸಿದ ನೆನಪಿನ ಪರಿಷೆಯದು. ರಾಶಿಗಳು ರಸ್ತೆಯುದ್ದಕ್ಕೂ ಬೀಳುತ್ತವೆ. ಜನ ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ ಎಂದು ಸೇರುಗಟ್ಟಲೆ ಕೊಳ್ಳುತ್ತಾರೆ. ಆ ದಿನಗಳಲ್ಲಿ ಬಂಡೆಯನ್ನು ಸಾವಧಾನವಾಗಿ ನೋಡಲಾಗದು. ಬೇರೆ ದಿನ ಬೆಳಗ್ಗೆ ಬಂದು, ಬಂಡೆ ಹತ್ತಿ ಇಳಿದು, ಗವಿಪುರದ ಕಡೆ ನಡೆಯುವುದು ಒಳ್ಳೆಯದು. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಬಿಸಿಲು ಹಾಯುವ ಗವಿ ಗಂಗಾಧರೇಶ್ವರ ಅಲ್ಲೇ ಸಿಗುತ್ತಾನೆ. ಇನ್ನು ಸ್ವಲ್ಪ ಮುಂದೆ ಹೋದರೆ ಕೆಂಪಾಂಬುಧಿ ಕೆರೆ, ಅದರ ಗೋಪುರ.